ಕಥೆಯಲ್ಲಿ ಇಲ್ಲದ ಮೇಕೆ

ಗೌರಿ ಹಬ್ಬಕ್ಕೆ ಇನ್ನೆರಡು ದಿನ ಇರುವಾಗ ನಮ್ಮ ಸೊಸೆ ಅಡುಗೆಮನೆಯಲ್ಲಿ ಮೈದಾ ಅಂಟು ಕಾಯಿಸುತ್ತಿದ್ದಳು. ಮಂಟಪಕ್ಕೆ ಬಣ್ಣದ ಕಾಗದ ಅಂಟಿಸಬೇಕಂತೆ. ಅಂಗಡಿಯ ಟ್ಯೂಬಿನ ಗೋಂದು ಬೆರಳಿಗೆ ಹತ್ತಿದರೆ ಬಿಡುವುದಿಲ್ಲವೆಂದು ಅವಳ ಅಮ್ಮ ಫೋನಿನಲ್ಲಿ ಈ ಹಳೆಯ ಉಪಾಯ ಹೇಳಿಕೊಟ್ಟಿದ್ದರು. ಹಜಾರದಲ್ಲಿ ಪೇಪರ್ ಓದುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಂತು. ಅರ್ಧ ಹಸಿ, ಅರ್ಧ ಬೆಂದ, ಸ್ವಲ್ಪ ಸಿಹಿಯಾದ ವಾಸನೆ. ನಾನು ಎದ್ದು ಹೋಗಿ ಕಿಟಕಿಯ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದೆ.

"ಯಾಕ್ ಮಾವ ಕಿಟಕಿ ಹಾಕಿದ್ರಿ? ಸೆಖೆ ಆಗಲ್ವಾ?" ಎಂದಳು.

"ಮೇಕೆ ಬಂದೀತು" ಎಂದೆ.

ನಾವಿರುವುದು ಮೂರನೆಯ ಮಹಡಿಯಲ್ಲಿ. ಸೊಸೆ ಒಲೆ ಸಣ್ಣ ಮಾಡಿ, ಸೌಟು ಕೈಯಲ್ಲಿ ಹಿಡಿದೇ ಬಂದು ನನ್ನ ಮುಖ ನೋಡಿದಳು. "ಬೆಳಗ್ಗೆ ಮಾತ್ರೆ ತಗೊಂಡ್ರಾ ಮಾವ?" ಎಂದು ಬಹಳ ಮೆತ್ತಗೆ ಕೇಳಿದಳು.

ನೀವೂ ಅವಳ ಹಾಗೆ ನನ್ನನ್ನು ನೋಡುವ ಮೊದಲು ನಾನು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ. ಇದು ನನ್ನ ತಪ್ಪೊಪ್ಪಿಗೆ. ನಗು ಬಂದರೆ ನಗಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ನಾನು ಆ ದಿನಗಳಲ್ಲಿ ನಕ್ಕಿರಲಿಲ್ಲ.

ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ನಾನು ಕಂಪಾಸಿಟರ್ ಆಗಿದ್ದೆ. ಸೀಸದ ಅಕ್ಷರದ ಮೊಳೆಗಳನ್ನು ಗೂಡುಗಳಿಂದ ಒಂದೊಂದಾಗಿ ಹೆಕ್ಕಿ ಸಾಲಾಗಿ ಜೋಡಿಸುವುದು ನನ್ನ ಕೆಲಸ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡಿರುತ್ತದೆ. ನಾಲ್ಕು ವರ್ಷ ಆ ಕೆಲಸ ಮಾಡಿದರೆ ನೆಟ್ಟಗಿರುವ ಅಕ್ಷರಕ್ಕಿಂತ ತಿರುಗಿದ ಅಕ್ಷರವೇ ಬೇಗ ಓದಲು ಬರುತ್ತದೆ. ನಾನು ಎಸ್ಸೆಸ್ಸೆಲ್ಸಿ ಪಾಸು. ಕನ್ನಡದಲ್ಲಿ ಅರವತ್ತೆರಡು. ಈ ಅರವತ್ತೆರಡರ ವಿಷಯವನ್ನು ನಮ್ಮ ಪ್ರೆಸ್ಸಿನಲ್ಲಿ ಕೇಳದವರೇ ಇರಲಿಲ್ಲ. ಅಚ್ಚಿನ ಟ್ರೆಡಲ್ ಯಂತ್ರ ತುಳಿಯುವವನು ನಾನು ಬಾಯಿ ತೆರೆದ ಕೂಡಲೇ, "ಗೊತ್ತು ಗುರು, ಅರವತ್ತೆರಡು" ಎನ್ನುತ್ತಿದ್ದ.

ನಮ್ಮಲ್ಲಿ ಅಚ್ಚಾಗುತ್ತಿದ್ದವುಗಳಲ್ಲಿ ಮದುವೆಯ ಕರೆಯೋಲೆ, ಭಜನೆ ಪುಸ್ತಕಗಳನ್ನು ಬಿಟ್ಟರೆ ಮುಖ್ಯವಾದದ್ದು ಪಿ.ಯು.ಸಿ. ಹುಡುಗರ ಕನ್ನಡ ಗೈಡು. ಅದರ ರಕ್ಷಾಪುಟದ ಮೇಲೆ 'ಅನುಭವಿ ಉಪನ್ಯಾಸಕರಿಂದ' ಎಂದಷ್ಟೇ ಇರುತ್ತಿತ್ತು. ಆ ಅನುಭವಿ ಉಪನ್ಯಾಸಕರು ಗವಿಪುರಂನ ರಾಮಚಂದ್ರಯ್ಯ ಮೇಷ್ಟ್ರು ಎನ್ನುವುದು ಬಸವನಗುಡಿಯ ಹೂವಿನ ಅಂಗಡಿಯವರಿಗೂ ಗೊತ್ತಿತ್ತು. ಮೇಷ್ಟ್ರು ಬೆಳಗ್ಗೆ ಕಾಲೇಜಿನಲ್ಲಿ, ಸಂಜೆ ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತಿದ್ದರು. ಬಿಳಿ ಪಂಚೆ, ತೆಳ್ಳನೆಯ ಅರ್ಧ ತೋಳಿನ ಷರ್ಟು, ಕಂಕುಳಲ್ಲಿ ಕೊಡೆ. ಪಾಠ ಮಾಡುವಾಗ ಪುಸ್ತಕ ತೆರೆಯುತ್ತಿರಲಿಲ್ಲ. ಯಾವ ಪಾಠದ ಯಾವ ಪುಟದಲ್ಲಿ ಯಾವ ಮಾತಿದೆ ಎನ್ನುವುದನ್ನು ಬಾಯಲ್ಲೇ ಹೇಳುತ್ತಿದ್ದರು. ಆ ಜ್ಞಾಪಕಶಕ್ತಿಯೇ ಅವರ ಆಸ್ತಿ. ದಯವಿಟ್ಟು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಏಕೆಂದರೆ ನಾನು ಕೈಹಾಕಿದ್ದು ಅದಕ್ಕೇ.

ಇಷ್ಟು ದೊಡ್ಡ ಮೇಷ್ಟ್ರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಬರೆದ ಹಾಳೆಯನ್ನು ಅವರು ಎಂದೂ ಎಸೆಯುತ್ತಿರಲಿಲ್ಲ, ಹೊಸದಾಗಿ ಬರೆಯುತ್ತಲೂ ಇರಲಿಲ್ಲ. ಒಂದು ವಾಕ್ಯ ಬದಲಾಯಿಸಬೇಕೆಂದರೆ ಚೀಟಿಯ ಮೇಲೆ ಬರೆದು ಹಳೆಯ ವಾಕ್ಯದ ಮೇಲೆ ಅಂಟಿಸುತ್ತಿದ್ದರು. ಅದೂ ಬೇಡವೆನಿಸಿದರೆ ಅದರ ಮೇಲೆ ಇನ್ನೊಂದು ಚೀಟಿ. ಅಂಟು ಮನೆಯಲ್ಲೇ ಕಾಯಿಸಿದ್ದು, ಮೈದಾ ಹಿಟ್ಟಿನದು. ಅವರು ಬಹಳ ಯೋಚಿಸಿ ಬರೆದ ಹಾಳೆ ಅಕ್ಕಿರೊಟ್ಟಿಯಷ್ಟು ದಪ್ಪವಾಗಿ, ಮಡಿಸಿದರೆ ಪಟಪಟ ಸದ್ದು ಮಾಡುತ್ತಿತ್ತು. ಹಾಳೆ ಎಷ್ಟು ದಪ್ಪವೋ ಪ್ರಶ್ನೆ ಅಷ್ಟು ಮುಖ್ಯ ಎಂದು ನಾವು ಕೈಯಲ್ಲಿ ಮುಟ್ಟಿಯೇ ಹೇಳುತ್ತಿದ್ದೆವು.

ಎಪ್ಪತ್ತೆಂಟನೆಯ ಇಸವಿಯ ಪರೀಕ್ಷೆಗೆ ಪಠ್ಯದಲ್ಲಿ ಒಬ್ಬ ಅಂಬಿಗನ ಕಥೆ ಇತ್ತು. ಹಳೆಯ ಸಣ್ಣಕಥೆ. ಅದರ ಮೇಲಿನ ಹತ್ತು ಅಂಕದ ಪ್ರಶ್ನೆ ಹೀಗಿತ್ತು: 'ನಂಬಿಕೆ ಮತ್ತು ಕ್ಷಮೆ ಈ ಕಥೆಯಲ್ಲಿ ಯಾವ ಸಾಹಿತ್ಯಾಂಶಗಳ ಮೂಲಕ ವ್ಯಕ್ತವಾಗಿವೆ? ವಿವರಿಸಿ.' ಮೇಷ್ಟ್ರ ಉತ್ತರ ಮೂರು ಹಾಳೆ. ನಡುವಿನ ಹಾಳೆ, ಸಂಕೇತಗಳನ್ನು ಕುರಿತದ್ದು, ನಾನು ಕಂಡದ್ದರಲ್ಲೆಲ್ಲ ದಪ್ಪನೆಯದು. ಐದು ಪದರ ಇದ್ದಿರಬೇಕು.

ಹಸ್ತಪ್ರತಿ ನಮ್ಮ ಕೈಸೇರಿದ ವಾರವೇ ಮೇಷ್ಟ್ರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಆಗೆಲ್ಲ ಈಗಿನಂತೆ ಬೆಳಗ್ಗೆ ಹೋಗಿ ಸಂಜೆ ಬರುವ ಆಪರೇಷನ್ ಅಲ್ಲ. ಕಣ್ಣಿಗೆ ಪಟ್ಟಿ, ವಾರಗಟ್ಟಲೆ ಮಲಗಿರಬೇಕು, ತಲೆ ಅಲ್ಲಾಡಿಸಬಾರದು, ಓದುವುದಂತೂ ತಿಂಗಳುಗಳ ಮಾತು. ನಾನು ಆಸ್ಪತ್ರೆಗೆ ಹೋಗಿ ಪ್ರೂಫ್ ಯಾರು ನೋಡಬೇಕೆಂದು ಕೇಳಿದೆ. ಮೇಷ್ಟ್ರು ತಲೆ ಅಲ್ಲಾಡಿಸದೆ, ಗಾಳಿಯಲ್ಲಿ ಕೈಯಾಡಿಸಿ ನನ್ನ ಕೈ ಹುಡುಕಿ ಹಿಡಿದುಕೊಂಡರು.

"ನೀನೇ ನೋಡಪ್ಪ. ಇನ್ನು ಸ್ವಲ್ಪ ದಿನ ನಿನ್ನ ಕಣ್ಣೇ ನನ್ನ ಕಣ್ಣು."

ನಾನು ಎದೆಯುಬ್ಬಿಸಿಕೊಂಡು ಹೊರಗೆ ಬಂದೆ. ಅದಾಗಿ ನಾಲ್ಕು ದಿನಕ್ಕೆ ಮಧ್ಯಾಹ್ನದ ಬಿಡುವಿನಲ್ಲಿ ನಾನು ಬೆನ್ನು ತಿರುಗಿಸಿ ಕೂತು ಚಿತ್ರಾನ್ನ ತಿನ್ನುತ್ತಿರುವಾಗ, ಪಕ್ಕದ ಮನೆಯ ಮುನಿಯಮ್ಮನ ಮೇಕೆ ಕಿಟಕಿಯಿಂದ ಕತ್ತು ಚಾಚಿ ಆ ನಡುವಿನ ಹಾಳೆಯನ್ನು ತಿಂದುಬಿಟ್ಟಿತು.

ಬೇರೆ ಹಾಳೆಗಳೂ ಅಲ್ಲೇ ಇದ್ದವು. ಅವನ್ನು ಮೂಸಲೂ ಇಲ್ಲ. ಐದು ಪದರದ ಮೈದಾ ಅಂಟು ಅದಕ್ಕೆ ಗೋಡೆಯ ಸಿನಿಮಾ ಪೋಸ್ಟರಿಗಿಂತ ರುಚಿಯಾಗಿರಬೇಕು. ನಾನು ಓಡಿ ಹೋಗಿ ಬಾಯಿಯಿಂದ ಎಳೆದಾಗ ಕೈಗೆ ಬಂದದ್ದು ಒಂದು ಮೂಲೆ. ಆ ಮೂಲೆಯಲ್ಲಿ ಒಂದೇ ಪದವಿತ್ತು. 'ಆದ್ದರಿಂದ'.

ಈಗ ನಿಮಗನ್ನಿಸುತ್ತದೆ, ಹೋಗಿ ಮೇಷ್ಟ್ರಿಗೆ ಹೇಳಿ ಬಾಯಿಮಾತಿನಲ್ಲಿ ಮತ್ತೆ ಬರೆಸಿಕೊಳ್ಳಬಹುದಿತ್ತಲ್ಲ ಎಂದು. ಖಂಡಿತ ಬಹುದಿತ್ತು. ಅವರು ಮಲಗಿದ್ದಲ್ಲಿಂದಲೇ ಐದು ಪದರವನ್ನೂ ಒಪ್ಪಿಸಿಬಿಡುತ್ತಿದ್ದರು. ಆದರೆ 'ನಿನ್ನ ಕಣ್ಣೇ ನನ್ನ ಕಣ್ಣು' ಎಂದವರ ಮುಂದೆ ನಾಲ್ಕೇ ದಿನಕ್ಕೆ ನಿಂತು, ನಿಮ್ಮ ಕಣ್ಣು ಚಿತ್ರಾನ್ನ ನೋಡುತ್ತಿತ್ತು ಎಂದು ಹೇಗೆ ಹೇಳುವುದು? ಆಪರೇಷನ್ ಆದವರಿಗೆ ಆಘಾತ ಕೊಡಬಾರದು ಎಂದು ನನಗೆ ನಾನೇ ವೈದ್ಯನಾದೆ. ಜೊತೆಗೆ ಆ ಅರವತ್ತೆರಡು ಇತ್ತಲ್ಲ! ಒಂದು ಹಾಳೆ ಉತ್ತರ ನನಗೆ ಬರೆಯಲು ಬಾರದೇ ಎಂದು ಅದು ಒಳಗಿನಿಂದ ಕುಟುಕಿತು. ಕಥೆಯನ್ನು ನಾನು ಓದಿರಲಿಲ್ಲ. ಮೊದಲ ಹಾಳೆಯಿಂದ ಅಂಬಿಗ, ನದಿ, ಹರಿಗೋಲು ಇಷ್ಟು ತಿಳಿದಿತ್ತು. ಸಾಕೆನಿಸಿತು.

ಕಾಗದದ ಮೇಲೆ ಬರೆಯಲೂ ಇಲ್ಲ. ನಿಂತಲ್ಲೇ ಮೊಳೆ ಹೆಕ್ಕುತ್ತ ನೇರವಾಗಿ ಜೋಡಿಸಿದೆ. ನೋಡಿದರೆ ಕಿಟಕಿಯಾಚೆ ಅದೇ ಮೇಕೆ ಇನ್ನೊಂದು ಹಾಳೆ ಸಿಕ್ಕೀತೇ ಎಂದು ನನ್ನನ್ನೇ ನೋಡುತ್ತ ನಿಂತಿದೆ. ಕೈ ತಾನಾಗಿ ಆಡಿತು: 'ದಡದಲ್ಲಿ ಮೇಯುತ್ತಿರುವ ಮೇಕೆಯು ಈ ಕಥೆಯ ಪ್ರಮುಖ ಸಂಕೇತವಾಗಿದೆ. ಅದು ಸಿಕ್ಕಿದ್ದನ್ನು ಅನುಮಾನಿಸದೆ ತಿನ್ನುತ್ತದೆ, ಇದು ನಂಬಿಕೆ. ಎಷ್ಟು ಅಟ್ಟಿದರೂ ಸಿಟ್ಟು ಮಾಡಿಕೊಳ್ಳದೆ ಮರಳಿ ಬರುತ್ತದೆ, ಇದು ಕ್ಷಮೆ. ಮೇಕೆಯ ಗಡ್ಡವು ಜೀವನಾನುಭವವನ್ನು ಸೂಚಿಸುತ್ತದೆ. ಆದ್ದರಿಂದ'. ಅಲ್ಲಿಗೆ ಮೇಷ್ಟ್ರ ಮೂರನೆಯ ಹಾಳೆ ಸೇರಿಕೊಂಡಿತು: 'ಲೇಖಕರ ಪ್ರತಿಭೆ ಇಲ್ಲಿ ತನ್ನ ಶಿಖರವನ್ನು ಮುಟ್ಟಿದೆ.'

ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಸಂಜೆ ಪ್ರೂಫ್ ತೆಗೆದು ಓದಿದಾಗ ನನಗೆ ಬಹಳ ಚೆನ್ನಾಗಿದೆ ಅನ್ನಿಸಿತು. ಮುಖ್ಯವಾಗಿ ಗಡ್ಡದ ವಿಷಯ.

ಗೈಡು ಹೊರಬಂತು, ಎಂದಿನಂತೆ ಖರ್ಚಾಯಿತು, ಪರೀಕ್ಷೆಯೂ ನಡೆಯಿತು. ಆ ಹತ್ತು ಅಂಕದ ಪ್ರಶ್ನೆ ಬಂದೇ ಬಂತು. ಅಷ್ಟರಲ್ಲಿ ಮೇಷ್ಟ್ರು ಸೋಡಾ ಬಾಟಲಿಯ ತಳದಂತಹ ದಪ್ಪ ಕನ್ನಡಕ ಹಾಕಿಕೊಂಡು ಮೌಲ್ಯಮಾಪನಕ್ಕೆ ಹೋಗಿದ್ದರು. ಮೊದಲ ಉತ್ತರಪತ್ರಿಕೆಯಲ್ಲಿ ಮೇಕೆ ಸಿಕ್ಕಿತು. ಯಾರೋ ತಲೆಕೆಟ್ಟ ಹುಡುಗ ಎಂದುಕೊಂಡರಂತೆ. ಎರಡನೆಯದರಲ್ಲೂ ಮೇಕೆ. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಕೊಠಡಿ ಮೇಕೆಗಳಿಂದ ತುಂಬಿತ್ತು. ಕೆಲವು ಹುಡುಗರು ಉತ್ಸಾಹದಿಂದ ಅದಕ್ಕೆ ಎರಡು ಮರಿಗಳನ್ನೂ ಕೊಟ್ಟಿದ್ದರಂತೆ. ಈ ಹಿಂಡು ಯಾವ ಗೈಡಿನಿಂದ ಬಂತು ಎಂದು ಸಹೋದ್ಯೋಗಿಗಳು ಪತ್ತೆ ಮಾಡಲು ಬಹಳ ಹೊತ್ತು ಹಿಡಿಯಲಿಲ್ಲ. ಮರುದಿನ ಮೇಷ್ಟ್ರು ಒಳಗೆ ಕಾಲಿಟ್ಟಾಗ ಹಿಂದಿನ ಬೆಂಚಿನಿಂದ ಯಾರೋ 'ಮ್ಯಾ' ಅಂದರಂತೆ.

ಆ ಸಂಜೆಯೇ ಅವರು ಪ್ರೆಸ್ಸಿಗೆ ಬಂದರು. ಕೈಯಲ್ಲಿ ಗೈಡು, ಬೆರಳು ಆ ಪುಟದಲ್ಲೇ ಸಿಕ್ಕಿಕೊಂಡಿತ್ತು.

"ಇದೇನಪ್ಪ ಇದು?"

ನಾನು ಆ ಪುಟವನ್ನು ಈಗಷ್ಟೇ ಓದುತ್ತಿರುವವನಂತೆ ನಟಿಸಿದೆ. "ಯಾಕೆ ಮೇಷ್ಟ್ರೇ, ಅಕ್ಷರ ತಪ್ಪಾಗಿದ್ಯಾ?"

"ಅಕ್ಷರ ಸರಿಯಾಗಿದೆ. ಮೇಕೆ ಎಲ್ಲಿಂದ ಬಂತು?"

"ನಿಮ್ಮ ಹಾಳೇಲೇ ಇತ್ತಲ್ಲ ಮೇಷ್ಟ್ರೇ."

"ನನ್ನ ಹಾಳೇಲಾ? ಎಲ್ಲಿ, ತೋರ್ಸು."

"ಅಚ್ಚಾದ್ಮೇಲೆ ಎಲ್ಲಾ ರದ್ದಿಗೆ ಹಾಕ್ಬಿಟ್ವಿ."

ಇಷ್ಟೂ ಸುಳ್ಳನ್ನು ನಾನು ಮೊಳೆ ಹೆಕ್ಕುವಷ್ಟೇ ಸಲೀಸಾಗಿ ಜೋಡಿಸಿದೆ. ಮೇಷ್ಟ್ರು ಗೋಡೆಗೆ ಕೈಯೂರಿ ಆ ಪುಟವನ್ನು ಇನ್ನೊಮ್ಮೆ ಓದಿದರು. ಆಮೇಲೆ, "ಹಾಗಾದ್ರೆ ನಾನೇ ಬರ್ದಿರ್ಬೇಕು" ಎಂದರು. ಬಾಗಿಲವರೆಗೆ ಹೋದವರು ತಿರುಗಿ ಬಂದು, "ಪಾಪ, ನಿನ್ನ ಮೇಲೆ ಅನುಮಾನ ಪಟ್ಟೆ. ತಪ್ಪು ತಿಳ್ಕೋಬೇಡಪ್ಪ" ಎಂದು ನನ್ನ ಭುಜ ತಟ್ಟಿ ಹೋದರು.

ನನ್ನ ಹತ್ತಿರ ಅವರು ಕ್ಷಮೆ ಕೇಳಿಕೊಂಡು ಹೋದರು! ಆಗಲಾದರೂ ಹಿಂದೆ ಓಡಬೇಕಿತ್ತು. ಕೈಯಲ್ಲಿ ಅರ್ಧ ಜೋಡಿಸಿದ ಸಾಲಿತ್ತು, ಕೆಳಗಿಟ್ಟರೆ ಚೆಲ್ಲುತ್ತದೆ ಎಂದು ನೆಪ ಹುಡುಕಿಕೊಂಡೆ. ಆ ನೆಪ ಆರು ವರ್ಷ ನಡೆಯಿತು.

ಮೇಷ್ಟ್ರು ಗೈಡು ಬರೆಯುವುದನ್ನು ನಿಲ್ಲಿಸಿದರು. ಟ್ಯುಟೋರಿಯಲ್ ಬಿಟ್ಟರು. ಪಾಠ ಮಾಡುವಾಗ ಪುಸ್ತಕ ತೆರೆದಿಟ್ಟುಕೊಂಡು, ಪ್ರತಿ ವಾಕ್ಯಕ್ಕೂ ಬೆರಳಿಟ್ಟು ಓದುತ್ತಾರೆಂದು ಕೇಳಿದೆ. ಇಷ್ಟಾಗಿ ಅವರು ಏನನ್ನೂ ಮರೆತಿರಲಿಲ್ಲ. ಮರೆಯುತ್ತೇನೆ ಎಂಬ ಭಯವೊಂದೇ ಇತ್ತು, ಅದನ್ನು ಕೊಟ್ಟವನು ನಾನು. ತಪ್ಪೊಪ್ಪಿಕೊಳ್ಳಲೆಂದು ಗವಿಪುರಂಗೆ ನಾಲ್ಕಾರು ಸಲ ಹೋದೆ. ನಾನು ಹೋದ ಕೂಡಲೇ ಅವರ ಹೆಂಡತಿ ಕಮಲಮ್ಮನವರು ಒಂದು ತಟ್ಟೆ ಕೋಡುಬಳೆ ತಂದಿಡುತ್ತಿದ್ದರು. ಬಾಯಿ ತುಂಬ ಕೋಡುಬಳೆ ಇಟ್ಟುಕೊಂಡು ಪಶ್ಚಾತ್ತಾಪ ಪಡುವುದು ಬಹಳ ಕಷ್ಟ. ಕಟಕಟ ಎಂದು ಸದ್ದಾಗುತ್ತದೆ. ತಿಂದು ಮುಗಿಸುವ ಹೊತ್ತಿಗೆ ಧೈರ್ಯವೂ ಮುಗಿದಿರುತ್ತಿತ್ತು. ಮೇಷ್ಟ್ರಿಗೆ ಮಾತ್ರ ಕೋಡುಬಳೆ ಇಲ್ಲ. ನೆನಪಿಗೆ ಒಳ್ಳೆಯದೆಂದು ಅವರಿಗೆ ದಿನಾ ಒಂದೆಲಗದ ಚಟ್ನಿ. ಬೆಳಗ್ಗೆ ದೋಸೆಗೂ ಅದೇ, ಮಧ್ಯಾಹ್ನ ಅನ್ನಕ್ಕೂ ಅದೇ. ಅವರು ಕಣ್ಣು ಮುಚ್ಚಿ ನುಂಗುವುದನ್ನು ನೋಡುತ್ತ ನಾನು ಕೋಡುಬಳೆ ಮುರಿಯುತ್ತಿದ್ದೆ.

ಒಂದು ಭಾನುವಾರ ಗಾಂಧಿ ಬಜಾರಿನಲ್ಲಿ ಅವರು ಸಿಕ್ಕರು. ಕೈಯಲ್ಲಿ ಪಟ್ಟಿ, ಚೀಲದಲ್ಲಿ ತರಕಾರಿ. "ಬದನೆಕಾಯಿ ತಗೊಂಡ್ನಾ ನೋಡಪ್ಪ" ಎಂದು ಚೀಲ ತೆರೆದು ತೋರಿಸಿದರು. ತೆಗೆದುಕೊಂಡಿದ್ದರು. ಅದು ಅವರಿಗೂ ಗೊತ್ತಿತ್ತು, ಆದರೆ ನಂಬಿಕೆಯಿರಲಿಲ್ಲ. ನಾನು ಬಗ್ಗಿ ನೋಡಿ ತಲೆ ಎತ್ತಿದಾಗ ಅವರ ತೆಳ್ಳನೆಯ ಷರ್ಟಿನ ಜೇಬು ನನ್ನ ಕಣ್ಣೆದುರಿಗಿತ್ತು. ಒಳಗೊಂದು ಚೀಟಿ, ಬರಹ ಎದೆಯ ಕಡೆಗೆ. ಬೇರೆಯವರಿಗಾಗಿದ್ದರೆ ಬಟ್ಟೆಯ ಮೂಲಕ ಕಾಣುತ್ತಿದ್ದದ್ದು ಶಾಯಿಯ ಗೀಚು ಅಷ್ಟೆ. ನನಗೆ ತಿರುಗಿದ ಅಕ್ಷರವೇ ಸಲೀಸು ಎಂದೆನಲ್ಲ. ಕಮಲಮ್ಮನವರ ಕೈಬರಹ: 'ಇವರಿಗೆ ಮರೆವು ಇದೆ. ದಾರಿ ತಪ್ಪಿದ್ದರೆ ದಯವಿಟ್ಟು ಈ ವಿಳಾಸಕ್ಕೆ ಕರೆತನ್ನಿ.'

ಅಲ್ಲಿಂದ ಅವರ ಚೀಲ ನಾನೇ ಹಿಡಿದುಕೊಂಡು ಗವಿಪುರಂವರೆಗೂ ಹೋದೆ. ಮನೆಯ ಗೇಟು ದಾಟಿದ ಕೂಡಲೇ, ತಟ್ಟೆ ಬರುವ ಮೊದಲೇ ಹೇಳಿಬಿಟ್ಟೆ. ಮೇಕೆ, ಮೈದಾ ಅಂಟು, ಚಿತ್ರಾನ್ನ, ಸುಳ್ಳು, ಎಲ್ಲ.

ಮೇಷ್ಟ್ರು ನನ್ನನ್ನು ತಬ್ಬಿಕೊಳ್ಳುತ್ತಾರೆ ಅಥವಾ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದರು:

"ಆರು ವರ್ಷ ಒಂದೆಲಗದ ಚಟ್ನಿ ತಿಂದೆನಲ್ಲೋ, ಪಾಪಿ!"

ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ. ಅಷ್ಟು ಸಂತೋಷವಾದದ್ದನ್ನೂ ಕಂಡಿರಲಿಲ್ಲ. ಎರಡೂ ಒಟ್ಟಿಗೇ ಬಂದು ಮುಖ ಕೆಂಪಾಗಿ, ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು. "ಕಮಲಾ! ಬಾ ಇಲ್ಲಿ! ಹೇಳೋ, ಇವಳಿಗೂ ಹೇಳು!"

ಕಮಲಮ್ಮನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದರು. ಕೇಳಿ ಮುಗಿಸಿ ಕಣ್ಣಲ್ಲಿ ನೀರು ತಂದುಕೊಂಡರು.

"ನಿನ್ನದು ಎಂಥಾ ಒಳ್ಳೇ ಮನಸ್ಸಪ್ಪ! ಅವರ ಮನಸ್ಸಿಗೆ ನೆಮ್ಮದಿ ಆಗ್ಲಿ ಅಂತ ಎಲ್ಲಾ ನಿನ್ನ ಮೇಲೆ ಹಾಕ್ಕೋತಿದೀಯ."

"ಇಲ್ಲಮ್ಮ, ನಿಜವಾಗ್ಲೂ ನಾನೇ..."

"ಹೂಂ ಹೂಂ, ಆಯ್ತು. ಮೇಕೆ ತಿಂತಂತೆ, ಪಾಪ. ನಮ್ಮ ಮಕ್ಕಳು ಹೋಂವರ್ಕ್ ಮಾಡ್ದೇ ಇದ್ದಾಗ ಇದಕ್ಕಿಂತ ಚೆನ್ನಾಗಿ ಹೇಳೋರು. ಕೂತ್ಕೋ, ಕೋಡುಬಳೆ ತರ್ತೀನಿ."

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಅವನು ನಿಜ ಹೇಳ್ತಿದಾನೆ ಕಣೇ!"

"ನೀವು ಸುಮ್ನಿರಿ. ಮದುವೆ ದಿನ ಧಾರೆ ಮುಹೂರ್ತಕ್ಕೆ ಅಂಗವಸ್ತ್ರ ಮರ್ತು ಬಂದೋರು ನೀವು."

ನನ್ನ ಸುಳ್ಳನ್ನು ಮೇಷ್ಟ್ರು ಒಂದು ನಿಮಿಷದಲ್ಲಿ ನಂಬಿದ್ದರು. ನನ್ನ ನಿಜವನ್ನು ಕಮಲಮ್ಮನವರು ಕೋಡುಬಳೆ ಕೊಟ್ಟು ಕಳಿಸಿದರು. ಗೇಟಿನವರೆಗೂ ಬಂದ ಮೇಷ್ಟ್ರು, "ಸಾಕ್ಷಿ ತರದೆ ಈ ಮನೆಗೆ ಕಾಲಿಡಬೇಡ" ಎಂದು ಹಲ್ಲು ಕಡಿದರು.

ಸಾಕ್ಷಿ ಎಂದರೆ ಮುನಿಯಮ್ಮ. ಅಂದು ನಾನು ಮೇಕೆಯ ಬಾಯಿಂದ ಹಾಳೆ ಎಳೆಯುವುದನ್ನು ತನ್ನ ಮನೆಯ ಬಾಗಿಲಿನಿಂದ ಕಂಡವಳು ಅವಳೊಬ್ಬಳೇ. ಮಾರನೆಯ ದಿನ ಅವಳ ಮನೆಯ ಮುಂದೆ ನಿಂತು ವಿಷಯ ಹೇಳಿದೆ. "ಆ ಮೇಕೆ ವೋಗಿ ಎರಡು ವರ್ಸ ಆಯ್ತಲ್ಲಣ್ಣ. ಅದರ ಮಗಳು ಐತೆ, ಇಡ್ಕಂಡ್ ಬರ್ಲಾ?" ಎಂದಳು. ಬೇಡ, ನೀನು ಬಂದರೆ ಸಾಕು ಎಂದೆ. ಹೊಸ ಸೀರೆಯುಟ್ಟು, ಹೂ ಮುಡಿದು, ಮದುವೆಗೆ ಹೊರಟವಳಂತೆ ಬಂದಳು. ಗವಿಪುರಂ ಮುಟ್ಟುವವರೆಗೂ ನಾನು ಅವಳಿಗೆ, ಏನು ನೋಡಿದೆಯೋ ಅಷ್ಟನ್ನೇ ಹೇಳು ಎಂದು ಪಾಠ ಮಾಡಿದೆ.

ಜಗಲಿಯ ಮೇಲೆ ಮೇಷ್ಟ್ರು, ಕಮಲಮ್ಮನವರು ಕೂತಿದ್ದರು. ನಾನು ಕೆಳಗೆ ನಿಂತೆ. ಮುನಿಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನನ್ನ ಪಾಠವನ್ನೆಲ್ಲ ಪಕ್ಕಕ್ಕೆ ತಳ್ಳಿಬಿಟ್ಟಳು.

"ಅಮ್ಮಾ, ಆ ಕಾಗ್ದ ಬರ್ದೋರು ಯಾರು, ಮೊದ್ಲು ಅದ್ನ ಯೋಳಿ."

ಕಮಲಮ್ಮನವರು ಗಾಬರಿಯಾದರು. "ಯಾಕಮ್ಮ?"

"ಅದ್ನ ತಿಂದು ನಮ್ ಮೇಕೆಗೆ ಮೂರ್ ದಿನ ವೊಟ್ಟೆ ಕೆಟ್ಟಿತ್ತು! ಎಷ್ಟೊಂದು ಕಾಗ್ದ ತಿಂದೈತೆ ಅದು, ಪೋಸ್ಟ್ರು ತಿಂದೈತೆ, ಲಗ್ನಪತ್ರಿಕೆ ತಿಂದೈತೆ, ಒಂದಿನ ಏನೂ ಆಗಿಲ್ಲ. ಇದ್ನ ತಿಂದು ಮಾತ್ರ ನೆಲಕ್ಕೆ ಬಿತ್ತು. ಅದರಾಗೆ ಏನ್ ಬರ್ದಿದ್ರು ಸಾಮಿ ಅಂಥಾದ್ದು?"

ಮೇಷ್ಟ್ರು ನಿಧಾನವಾಗಿ ಎದ್ದು ನಿಂತರು. ಆರು ವರ್ಷದಿಂದ ಬಾಗಿದ್ದ ಬೆನ್ನು ನೆಟ್ಟಗಾಯಿತು.

"ನಾನೇ ಬರೆದದ್ದು" ಎಂದರು. "ಸಂಕೇತಗಳು. ನದಿ, ಹರಿಗೋಲು, ಜಲ್ಲೆಕೋಲು. ಐದು ಚೀಟಿ ಅಂಟಿಸಿದ್ದೆ. ಎರಡನೇ ಚೀಟಿ ಹಳದಿ ಕಾಗದದ್ದು." ಆಮೇಲೆ ಹೆಂಡತಿಯ ಕಡೆ ತಿರುಗಿ, ಇಡೀ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದರು. ಕೊನೆಗೆ 'ಆದ್ದರಿಂದ' ಎಂದು ನಿಲ್ಲಿಸಿದರು.

ಮುನಿಯಮ್ಮ ಗಲ್ಲದ ಮೇಲೆ ಬೆರಳಿಟ್ಟುಕೊಂಡಳು. "ಅಷ್ಟೂ ತಿಂದಿತ್ತಾ? ಪಾಪ!"

ಕಮಲಮ್ಮನವರಿಗೆ ಮೊದಲು ನಗು ಬಂತು. ನಗುತ್ತ ನಗುತ್ತ ಅದು ಅಳುವಾಯಿತು. ಎದ್ದು ಬಂದು ಗಂಡನ ಜೇಬಿನಿಂದ ಚೀಟಿ ತೆಗೆದು, ನನ್ನ ಮುಖ ಒಮ್ಮೆ ನೋಡಿದರು. ಆ ನೋಟದಲ್ಲಿ ನನಗೆ ಬೇಕಾದಷ್ಟು ಸಿಕ್ಕಿತು. ಆ ದಿನ ನನಗೆ ಕೋಡುಬಳೆ ಬರಲಿಲ್ಲ. ಮುನಿಯಮ್ಮನಿಗೆ ಬಂತು. ಚೀಟಿಯನ್ನು ಒಲೆಗೆ ಹಾಕಲು ಒಳಗೆ ಹೋಗುತ್ತ ಅವರು ಗಂಡನಿಗೆ, "ಒಂದೆಲಗ ಮಾತ್ರ ಬಿಡೋದು ಬೇಡ, ಮೈಗೆ ತಂಪು" ಎಂದರು.

ಮೇಷ್ಟ್ರು ನನ್ನನ್ನು ಅಷ್ಟಕ್ಕೇ ಬಿಡಲಿಲ್ಲ. ಹಳೆಯ ಪಠ್ಯಪುಸ್ತಕ ತಂದು ಕೈಗಿಟ್ಟು, ಜಗಲಿಯ ಮೆಟ್ಟಿಲ ಮೇಲೆ ಕೂರಿಸಿ ಕಥೆ ಓದಿಸಿದರು. ಆ ಉತ್ತರವನ್ನು ಅಚ್ಚು ಹಾಕಿದ ಆರು ವರ್ಷಕ್ಕೆ ನಾನು ಕಥೆ ಓದಿದೆ. ಅಂಬಿಗನೊಬ್ಬ. ಒಂದು ಕಾಲದಲ್ಲಿ ಹೊಲವಿದ್ದವನು. ಊರಿನ ಒಬ್ಬ ಅವನ ವಿರುದ್ಧ ಸುಳ್ಳು ಸಾಕ್ಷಿ ಹೇಳಿ ಹೊಲ ಹೋಯಿತು, ಇವನು ಹರಿಗೋಲು ಹಿಡಿದ. ಎಷ್ಟೋ ವರ್ಷದ ಮೇಲೆ ಹೊಳೆ ತುಂಬಿರುವಾಗ ಅದೇ ಮನುಷ್ಯ ಆಚೆ ದಡಕ್ಕೆ ಹೋಗಬೇಕೆಂದು ಬರುತ್ತಾನೆ. ಅಂಬಿಗ ದಾಟಿಸುತ್ತಾನೆ. ಕಥೆ ಅಷ್ಟೇ.

"ಬರಿ" ಎಂದರು. ಬರೆದೆ. ಮೇಕೆ ಬಿಟ್ಟು ಬರೆದೆ. ಹತ್ತಕ್ಕೆ ನಾಲ್ಕು ಕೊಟ್ಟರು.

"ಕ್ಷಮೆ ಕ್ಷಮೆ ಅಂತ ಏಳು ಸಲ ಬರ್ದಿದೀಯ. ಕಥೇಲಿ ಆ ಪದ ಎಲ್ಲಿದೆ, ತೋರ್ಸು."

ಹುಡುಕಿದೆ. ಎಲ್ಲೂ ಇರಲಿಲ್ಲ.

"ಇಲ್ಲ, ಅಲ್ವಾ? ಅವನು ಕ್ಷಮಿಸಿದೆ ಅಂತ ಹೇಳೋದೇ ಇಲ್ಲ. ದಾಟಿದ ಮೇಲೆ ಒಂದೇ ಮಾತು ಕೇಳ್ತಾನೆ. 'ವಾಪಸ್ ಯಾವಾಗ ಬರ್ತೀರಿ? ಕಾಯ್ತಿರ್ತೀನಿ.' ಅದಕ್ಕೆ ಐದು ಅಂಕ. ಇನ್ನು ನಂಬಿಕೆ. ಈಜು ಬಾರದೋನು, ತಾನೇ ಹಾಳುಮಾಡಿದವನ ಹರಿಗೋಲಿಗೆ ತುಂಬಿದ ಹೊಳೇಲಿ ಕಾಲಿಡ್ತಾನಲ್ಲ, ಆ ಕಾಲು ನಡುಗೋದನ್ನ ಎರಡು ಸಾಲಲ್ಲಿ ಬರ್ದಿದಾರೆ ನೋಡು. ಅದಕ್ಕೆ ಐದು. ಗಡ್ಡ ಎಲ್ಲೂ ಇಲ್ಲ."

ನಾನು ಪುಸ್ತಕ ಹಿಂತಿರುಗಿಸಿ ಎದ್ದೆ. ಮೇಷ್ಟ್ರು ಒಳಗೆ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತು, "ಮುಂದಿನ ವಾರ ಹೊಸ ಹಸ್ತಪ್ರತಿ ತರ್ತೀನಿ. ಮೂರು ಪ್ರೂಫ್ ಬೇಕು" ಎಂದರು.

ಮೂರು! ಯಾರೂ ಎರಡಕ್ಕಿಂತ ಹೆಚ್ಚು ಕೇಳುತ್ತಿರಲಿಲ್ಲ. ದಾರಿಯಲ್ಲಿ ನನಗೆ ಸ್ವಲ್ಪ ಅವಮಾನವೂ ಆಯಿತು. ಆದರೂ ಪ್ರತಿ ವರ್ಷ ಮೂರು ಪ್ರೂಫ್ ಹೊತ್ತುಕೊಂಡು ಗವಿಪುರಂಗೆ ಹೋದೆ. ಮೂರನೆಯ ವರ್ಷಕ್ಕೆ ಎರಡು ಸಾಕೆಂದರು. ಮತ್ತೆರಡು ವರ್ಷ ಕಳೆದು ಒಂದು. ಅವರು ಬರೆದ ಕೊನೆಯ ಗೈಡಿಗೂ ಆ ಒಂದು ಪ್ರೂಫ್ ಇದ್ದೇ ಇತ್ತು. ಅದನ್ನು ಅವರು ಎಂದೂ ಬಿಡಲಿಲ್ಲ, ಅವರು ಬಿಡಬೇಕೆಂದು ನಾನೂ ಬಯಸಲಿಲ್ಲ.

ಇಷ್ಟನ್ನು ಹೇಳಿ ಮುಗಿಸುವ ಹೊತ್ತಿಗೆ ಅಂಟು ತಳ ಹಿಡಿದಿತ್ತು. ಸೊಸೆ ಬಹಳ ನಕ್ಕಳು. ನಕ್ಕು ಮುಗಿಸಿ, ಪಾತ್ರೆಗೆ ನೀರು ಹಾಕುತ್ತ, "ಆ ಹುಡುಗರಿಗೆ ಹೇಳಿದ್ರಾ ಮಾವ?" ಎಂದಳು.

"ಯಾವ ಹುಡುಗರಿಗೆ?"

"ಮೇಕೆ ಬಗ್ಗೆ ಬರೆದೋರಿಗೆ."

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಮೇಷ್ಟ್ರ ಮುಂದೆ ನಿಂತೆ, ಕಮಲಮ್ಮನವರ ಮುಂದೆ ನಿಂತೆ, ಮೇಕೆಯ ಒಡತಿಯ ಮುಂದೆಯೂ ನಿಂತೆ. ಅಚ್ಚಾದ ಅಕ್ಷರ ನಿಜವಿರುತ್ತದೆ ಎಂದು ನಂಬಿ ಬಾಯಿಪಾಠ ಮಾಡಿದ ಮಕ್ಕಳನ್ನು ನಾನು ಮರೆತೇಬಿಟ್ಟಿದ್ದೆ. ಮಕ್ಕಳೇನು, ಅವರಿಗೂ ಈಗ ಅರವತ್ತು ದಾಟಿದೆ.

ಅಂದಿನಿಂದ ಬೆಳಗ್ಗೆ ಬ್ಯೂಗಲ್ ರಾಕ್ ಪಾರ್ಕಿಗೆ ಹೋದಾಗ ಅರವತ್ತರ ಆಸುಪಾಸಿನ ಗಂಡಸರ ಪಕ್ಕ ಕೂತು, "ತಾವು ಪಿ.ಯು.ಸಿ. ಯಾವ ವರ್ಷ?" ಎಂದು ಕೇಳಲು ಶುರುಮಾಡಿದೆ. ಒಬ್ಬರು, "ಇನ್ಶೂರೆನ್ಸ್ ಬೇಡ ಸಾರ್" ಎಂದು ಎದ್ದು ಹೋದರು. ಇನ್ನೊಬ್ಬರು ನಾನು ಸಂಬಂಧ ಹುಡುಕುತ್ತಿದ್ದೇನೆಂದು ತಿಳಿದು ಮಗನ ಸಂಬಳ ಹೇಳಿದರು. ಇವತ್ತು ಬೆಳಗ್ಗೆ ಬೂದು ಸ್ವೆಟರಿನ ಒಬ್ಬರು ಸಿಕ್ಕರು.

"ಎಪ್ಪತ್ತೆಂಟು ಸಾರ್. ಯಾಕೆ?"

"ಕನ್ನಡದಲ್ಲಿ ಅಂಬಿಗನ ಕಥೆ ಇತ್ತಲ್ಲ?"

"ಇತ್ತು, ಇತ್ತು! ಹೊಳೆ, ಹರಿಗೋಲು, ಮೇಕೆ." ಎನ್ನುತ್ತ ಉತ್ಸಾಹದಿಂದ ನನ್ನ ಕಡೆ ತಿರುಗಿದರು. "ನಿಮ್ಗೂ ಮೇಕೆ ಜ್ಞಾಪಕ ಇದ್ಯಾ ಸಾರ್? ದಡದಲ್ಲಿ ಮೇಯ್ತಿತ್ತು, ಅಲ್ವಾ? ಗಡ್ಡ ಇತ್ತು."

ಅವರು ಮುಂದುವರಿಸಿದರು.

"ಮೊನ್ನೆ ಮೊಮ್ಮಗಳಿಗೆ ಆ ಕಥೆ ಹೇಳ್ತಿದ್ದೆ. ಮಗ ಫೋನಲ್ಲಿ ಹುಡುಕಿ ತೆಗ್ದ. ಪೂರ್ತಿ ಓದಿದ್ವಿ ಸಾರ್, ಮೇಕೆನೇ ಇಲ್ಲ! ನಾನು ಇತ್ತು ಅಂತೀನಿ, ಅವನು ಇಲ್ಲ ಅಂತಾನೆ. ಕೊನೆಗೆ, 'ಅಪ್ಪಂಗೆ ಯಾಕೋ ಜಾಸ್ತಿ ಆಗ್ತಿದೆ' ಅಂತ ಸೊಸೆ ಹತ್ರ ಮೆಲ್ಲಗೆ ಹೇಳ್ದ. ಸೋಮವಾರ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾರಂತೆ." ನಕ್ಕರು, ಆದರೆ ನೆಲ ನೋಡಿಕೊಂಡು ನಕ್ಕರು. "ನಂಗೂ ಭಯ ಆಗಿದೆ ಸಾರ್. ಇಲ್ಲದ್ದೆಲ್ಲ ಜ್ಞಾಪಕ ಬರ್ತಿದ್ಯೇನೋ ಅಂತ."

"ನಿಮ್ಮ ಜ್ಞಾಪಕ ಸರಿಯಾಗಿದೆ" ಎಂದೆ. "ಸುಳ್ಳು ನನ್ನದು. ಆ ಗೈಡಿಗೆ ಮೇಕೆ ಸೇರಿಸಿದ್ದು ನಾನು."

ಪ್ರೆಸ್ಸಿನ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದಾಗ ಹೇಳಬೇಕಾಗಿದ್ದ ಮಾತು ಇಷ್ಟೇ. ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಉಳಿದದ್ದನ್ನೂ ಹೇಳಿದೆ. ಅವರು ಬಾಯಿ ತೆರೆದುಕೊಂಡು ಕೇಳಿ, ಸ್ವೆಟರಿನ ಗುಂಡಿ ಹಾಕಿ ಬಿಚ್ಚಿ ಮಾಡಿದರು.

"ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ ಸಾರ್?"

"ಇಲ್ಲ."

"ಮನೇಲಿ ನಂಬ್ಬೇಕಲ್ಲ..."

"ಎಲ್ಲಿ ನಿಮ್ಮ ಮನೆ?"

"ಹನುಮಂತನಗರ. ನಡೆದ್ರೆ ಕಾಲು ಗಂಟೆ."

"ನಡೀರಿ" ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡೆ. "ಅವರು ನಂಬೋವರೆಗೂ ನಾನು ಅಲ್ಲಿಂದ ಏಳೋದಿಲ್ಲ."